ಹುಸೇನಮ್ಮನ ಕಲ್ಲುಬಾನಿ

ನಮ್ಮ ಹಂದಿಬಾನಿಗೆ ಹಾಲಿನ ಅಭಿಷೇಕ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲವಲ್ಲ. ಆರು ತಿಂಗಳು, ಪ್ರತಿ ಶನಿವಾರ. ಹಾಲು ಹೊಯ್ದವರು ಶ್ರೀನಿಧಿ ಬಡಾವಣೆಯ ವಾಯುವಿಹಾರ ಸಂಘದವರು. ಅದನ್ನು ತಿಕ್ಕಿ ತೊಳೆದವಳು ನನ್ನ ಅವ್ವ ಹುಸೇನಮ್ಮ. ಗೇಟಿನ ಆಚೆ ನಿಂತು ನಗು ತಡೆದು ತಡೆದು ನನ್ನ ಪಕ್ಕೆ ನೋಯುತ್ತಿತ್ತು. ಅವ್ವ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಕಸ ಗುಡಿಸುತ್ತಿದ್ದಳು.

ನಾನು ಲಲಿತಾ. ಹೊಸಪೇಟೆಯ ಒಡ್ಡರ ಕೇರಿಯವಳು. ಅವ್ವನದು ಪೀರಲ ಹಬ್ಬದ ಹರಕೆಯ ಹೆಸರು, ನಮ್ಮ ಕಡೆ ಅಂಥ ಹೆಸರು ಎಲ್ಲ ಜಾತಿಯಲ್ಲೂ ಇವೆ. ಜಿಲ್ಲಾ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತೇನೆ. ಸಂಘದ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋದವು. ನಮ್ಮ ಕೇರಿಯ ಗೇಟು ಮುಚ್ಚಿಸಬೇಕು ಎಂಬ ಅರ್ಜಿಯನ್ನೂ ನಾನೇ ಟೈಪ್ ಮಾಡಿದೆ. ಒಂದೇ ಒಂದು ತಪ್ಪಿರಲಿಲ್ಲ. ಹೊಟ್ಟೆಪಾಡು ಹಾಗೇ ಇರುತ್ತದೆ.

ಮೊದಲು ಜಾಗದ ಮಾತು. ಆ ಪಾರ್ಕಿಗೆ ಸಂಘದವರು ರಾಜೋದ್ಯಾನ ಎಂದು ಹೆಸರಿಟ್ಟಿದ್ದಾರೆ. ಅವ್ವ ಇವತ್ತಿಗೂ ‘ಸ್ಟ್ಯಾಂಡು’ ಅನ್ನುತ್ತಾಳೆ. ಅಜ್ಜಿ ಸಾಯುವ ತನಕ ‘ಗುಂಡಿ’ ಅನ್ನುತ್ತಿದ್ದಳು. ಡ್ಯಾಮು ಕಟ್ಟುವಾಗ ನಮ್ಮವರು ಅಲ್ಲಿ ಕಲ್ಲು ತೆಗೆದರು. ಕಲ್ಲು ಡ್ಯಾಮಿಗೆ ಹೋಯಿತು, ಗುಂಡಿ ನಮಗೆ ಉಳಿಯಿತು. ಅದರ ದಡದಲ್ಲೇ ಗುಡಿಸಲು ಹಾಕಿಕೊಂಡರು. ಆಮೇಲೆ ಸಂಡೂರಿನ ಅದಿರಿಗೆ ಕಾಲ ಬಂತು. ಗುಂಡಿಯ ಮುಕ್ಕಾಲು ಭಾಗಕ್ಕೆ ಮಣ್ಣು ಸುರಿದು ಲಾರಿ ಸ್ಟ್ಯಾಂಡು ಮಾಡಿದರು. ಸಾಲು ಸಾಲು ಲಾರಿ. ನಮ್ಮ ಅನ್ನ ಕೆಂಪು, ಸೀರೆ ಕೆಂಪು, ಉಗುಳಿದರೆ ಉಗುಳು ಕೆಂಪು. ಒಂದು ದಿನ ಅದಿರು ನಿಂತಿತು. ಲಾರಿಗಳು ಹೋದವು. ಊರಿನ ಕಸ ಬಂದು ಬಿತ್ತು. ಕಸ ಬೀಳುವಾಗ ಈ ಜಾಗಕ್ಕೊಂದು ಇತಿಹಾಸ ಇದೆ ಎಂದು ಯಾರಿಗೂ ನೆನಪಾಗಲಿಲ್ಲ.

ನಂತರ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಆಚೆ ಬದಿಯಲ್ಲಿ ಶ್ರೀನಿಧಿ ಬಡಾವಣೆ ಎದ್ದಿತು. ಕಸದ ಮೇಲೆ ಮಣ್ಣು ಹಾಕಿದರು, ಮಣ್ಣಿನ ಮೇಲೆ ಹುಲ್ಲು ಹಾಸಿದರು. ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತದ್ದು ನಮ್ಮ ಹೆಂಗಸರು. ಅವ್ವನ ನೆತ್ತಿಯ ಮೇಲೆ ಅಂಗೈಯಗಲ ಕೂದಲು ಉದುರಿದ್ದು ಆಗಲೇ, ಮತ್ತೆ ಬರಲಿಲ್ಲ. ಪಾರ್ಕು ಆದ ಮೇಲೆ ಅವಳಿಗೆ ಅಲ್ಲೇ ಗುತ್ತಿಗೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ತಾನು ಮಣ್ಣು ಹೊತ್ತು ಮಾಡಿದ ಪಾರ್ಕಿನ ಬೆಂಚಿನ ಮೇಲೆ ಅವಳು ಕೂರುವ ಹಾಗಿರಲಿಲ್ಲ. ಹುಲ್ಲಿನ ಮೇಲೂ ಇಲ್ಲ. ಬುತ್ತಿ ಉಣ್ಣುವುದು ಮೋಟಾರಿನ ಕೋಣೆಯ ಹಿಂದೆ.

ಪಾರ್ಕಿಗೆ ಎರಡು ಗೇಟು. ಬಡಾವಣೆಯ ಕಡೆಗೆ ಕಾರು ಹಾಯುವಷ್ಟು ದೊಡ್ಡದು. ಕೇರಿಯ ಕಡೆಗಿನ ಗೋಡೆಯಲ್ಲಿ ಒಬ್ಬರು ಅಡ್ಡಡ್ಡ ತಿರುಗಿ ಹೋಗುವಷ್ಟು ಚಿಕ್ಕದು. ಆ ಚಿಕ್ಕ ಗೇಟೇ ನಮ್ಮ ಜೀವ. ಅದರಿಂದ ಹೊರಟರೆ ಐದು ನಿಮಿಷಕ್ಕೆ ದೊಡ್ಡ ರಸ್ತೆ. ಬಸ್ಸು, ಶಾಲೆ, ಆಸ್ಪತ್ರೆ ಎಲ್ಲ ಅಲ್ಲಿ. ಅದಿಲ್ಲವಾದರೆ ಕಾಲುವೆಯ ಏರಿ ಹಿಡಿದು ಮುಕ್ಕಾಲು ತಾಸು ಸುತ್ತಬೇಕು. ಸಂಘದವರು ಅದಕ್ಕೂ ಹೊತ್ತು ಗೊತ್ತು ಮಾಡಿದ್ದರು. ಹಗಲು ಹನ್ನೊಂದರಿಂದ ನಾಲ್ಕರ ತನಕ ಬೀಗ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆ ತಾಯಕ್ಕನ ಸೊಸೆ ಅಂಜಿನಿಗೆ ಹನ್ನೆರಡಕ್ಕೆ ನೋವು ಬಂತು. ಬೀಗ ತೆಗೆಯಲು ಯಾರೂ ಬರಲಿಲ್ಲ. ಅವಳು ಕಾಲುವೆಯ ಏರಿಯ ಮೇಲೆ, ಸುಡುವ ಮಣ್ಣಿನಲ್ಲಿ ಹೆತ್ತಳು. ಮಗು ಬದುಕಿತು. ಅದು ಆ ಹುಡುಗಿಯ ಗಟ್ಟಿತನ, ಇವರ ದಯೆಯಲ್ಲ.

ಇಷ್ಟಾದರೂ ಸಂಘದವರಿಗೆ ಸಮಾಧಾನವಿಲ್ಲ. ಆ ಗೇಟನ್ನು ಕಿತ್ತು ಅಲ್ಲಿ ಗೋಡೆ ಎಬ್ಬಿಸಬೇಕು ಎಂದು ಹಟ. ಕಾರಣ, ಕೇರಿಯ ಹಂದಿಗಳು ಒಳಗೆ ಬರುತ್ತವೆ. ತಾಯಕ್ಕನ ಹಂದಿ ಒಂದು ಸಲ ಬಂದು ಗುಲಾಬಿ ಗಿಡದ ಬುಡ ಕೆದರಿದ್ದು ನಿಜ. ನಗರಸಭೆಯವರು ಹಂದಿಗಾಗಿ ಗೋಡೆ ಕಟ್ಟಲು ಒಪ್ಪಲಿಲ್ಲ. ಅಷ್ಟರಲ್ಲಿ ಕಾರಂಜಿ ಮಾಡಲೆಂದು ನೆಲ ಅಗೆದಾಗ ಒಂದು ಕಲ್ಲುಬಾನಿ ಸಿಕ್ಕಿತು.

ಅದು ನಮ್ಮ ಬಾನಿ.

ಸ್ಟ್ಯಾಂಡು ಇದ್ದಾಗ ಅವ್ವ ಅಲ್ಲಿನ ತಗಡಿನ ಹೋಟೆಲಿನಲ್ಲಿ ತಾಟು ತೊಳೆಯುತ್ತಿದ್ದಳು. ಡ್ರೈವರುಗಳು ಬಿಟ್ಟ ಎಂಜಲು ನಮ್ಮ ಹಂದಿ ಚಿನ್ನಿಗೆ. ಡಬ್ಬಿಯಲ್ಲಿ ಹಾಕಿದರೆ ಚಿನ್ನಿ ಮೂತಿಯಿಂದ ಉರುಳಿಸಿ ಅರ್ಧ ಮಣ್ಣುಪಾಲು ಮಾಡುತ್ತಿತ್ತು. ನನ್ನ ಅಪ್ಪ ಉಚ್ಚೆಂಗಪ್ಪ ಕಲ್ಲುಕುಟಿಗ. ಕಲ್ಲಿನ ಕೆಲಸ ಸಿಗದೆ ಅದಿರು ತುಂಬಲು ಹೋಗುತ್ತಿದ್ದ. ದಿನಾ ಅದಿರು ತುಂಬಿ ಬಂದು, ಸಂಜೆ ಬೆಳಕಿರುವ ತನಕ ಕೂತು, ಗುಂಡಿಯಲ್ಲಿ ಉಳಿದಿದ್ದ ಕೊನೆಯ ಬಂಡೆಯಿಂದ ಈ ಬಾನಿ ಕಡೆದ. ಪಕ್ಕಕ್ಕೆ ಚಿನ್ನಿಯ ಚಿತ್ರ ಕೆತ್ತಿದ. ಅದರ ಮುಂದೆ ಒಂದು ಕತ್ತಿ ಕೆತ್ತಿದ, ಯಾಕೆಂದರೆ ಚಿನ್ನಿಯ ಹಣೆಬರಹ ಅದೇ. ಮೇಲೆ ಸೂರ್ಯ, ಚಂದ್ರ. ನಮ್ಮ ಕಲ್ಲುಕೆಲಸದವರಲ್ಲಿ ಒಂದು ರೂಢಿ ಇದೆ. ಯಾರಿಗಾದರೂ ಪೂರ್ತಿಯಾಗಿ ಕೊಟ್ಟುಬಿಟ್ಟ ಕಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತುತ್ತಾರೆ. ಹೊಲಗಳಲ್ಲಿ ನಿಂತಿರುವ ಹಳೆಯ ದಾನದ ಕಲ್ಲುಗಳನ್ನು ನೋಡಿ ಕಲಿತದ್ದು. ಅವೆರಡೂ ಇರುವ ತನಕ ಇದು ನಿನ್ನದು ಎಂದು ಅರ್ಥ. ಅವ್ವನಿಗೆ ಹೊಲ ಕೊಡಲಾಗದವನು, ಮನೆ ಕೊಡಲಾಗದವನು ಹಂದಿಬಾನಿಯನ್ನು ದಾನ ಕೊಟ್ಟ. ತಳದಲ್ಲಿ ನೀರು ಬಿಡಲು ಒಂದು ತೂತು ಕೊರೆದು, ಲಾರಿಯ ಗಾಲಿಯ ಬೋಲ್ಟಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿ ಬಡಿದಿದ್ದ.

ಆರೇಳು ವರ್ಷ ಆದ ಮೇಲೆ ಕೆಮ್ಮಿ ಕೆಮ್ಮಿ ಸತ್ತ. ಕೊನೆಯ ದಿನಗಳಲ್ಲಿ ಉಗುಳಿದ್ದೆಲ್ಲ ಕೆಂಪು. ರಕ್ತವೋ ಅದಿರೋ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಪಾರ್ಕಿಗೆಂದು ಮಣ್ಣು ಸುರಿದ ದಿನ, ಕಡೆದ ಜಾಗದಲ್ಲೇ ಕೂತಿದ್ದ ಬಾನಿಯೂ ಮುಚ್ಚಿಹೋಯಿತು. ಅವ್ವ ಬೇಡ ಬೇಡ ಎಂದು ಜೆಸಿಬಿಯ ಮುಂದೆ ನಿಂತಿದ್ದಳಂತೆ. ಪಕ್ಕಕ್ಕೆ ಎಳೆದರು.

ಈಗ ಅದು ಎದ್ದು ಬಂತು. ಸಂಘದ ಅಧ್ಯಕ್ಷರು ವಿದ್ಯಾಧೀಶ ಸರ್. ಕಾಲೇಜಿನಲ್ಲಿ ಮೂವತ್ತು ವರ್ಷ ವಾಣಿಜ್ಯ ಕಲಿಸಿ ನಿವೃತ್ತರಾದ ಮೇಲೆ ಇತಿಹಾಸಕ್ಕೆ ಇಳಿದವರು. ಕಲ್ಲಿನ ಮೇಲೆ ಹಂದಿ, ಕತ್ತಿ, ಸೂರ್ಯ, ಚಂದ್ರ. ಹಂಪಿಯ ಸುತ್ತ ಹುಟ್ಟಿ ಬೆಳೆದ ಯಾರಿಗಾದರೂ ತೋರಿಸಿ, ರಾಜರ ಲಾಂಛನ ಅನ್ನುತ್ತಾರೆ. ನಮ್ಮ ಕಡೆ ನೆಲದಲ್ಲಿ ಸಿಕ್ಕ ಕಲ್ಲೆಲ್ಲ ರಾಜರದ್ದೇ. ಆಡು ಕಟ್ಟುವ ಗೂಟಕ್ಕೂ ಒಬ್ಬ ರಾಜ ಇರುತ್ತಾನೆ. ಸರ್ ಅವತ್ತೇ ಘೋಷಿಸಿಬಿಟ್ಟರು: ಇದು ಅರಮನೆಯ ವರಾಹಸ್ವಾಮಿಯ ತೀರ್ಥದ ಬಾನಿ, ಈ ಪಾರ್ಕು ರಾಜರ ಉದ್ಯಾನ.

ಅವ್ವ ಪೊರಕೆ ಹಿಡಿದುಕೊಂಡೇ ಹತ್ತಿರ ಹೋಗಿ, ಸರ, ಇದು ನಮ್ಮ ಮನೀದು, ನನ್ನ ಗಂಡ ಮಾಡಿದ್ದು ಎಂದಳು. ಎಲ್ಲರೂ ನಕ್ಕರು. ಸರ್ ನಗಲಿಲ್ಲ.

“ಏ ಹುಸೇನಮ್ಮ, ನಿನಗೇನು ತಿಳೀತೈತಿ ಇದು. ಕಸಬರಿಗಿ ಹಿಡಿಯೋದು ನೋಡು.”

ಅವ್ವ ಬಾಯಿ ಮುಚ್ಚಿಕೊಂಡಳು. ಆರು ತಿಂಗಳು ತೆರೆಯಲಿಲ್ಲ.

ಬಾನಿಗೆ ಹತ್ತಿದ್ದ ಮಣ್ಣು, ಡಾಂಬರು ತೆಗೆಯುವ ಕೆಲಸ ಅವಳಿಗೇ ಬಂತು. ಎರಡು ದಿನ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿದಳು. ಉಗುರಿನ ಸಂದು ಒಡೆದು ರಕ್ತ ಬಂತು. ತಳದ ಒಂದು ಮೂಲೆಯ ಡಾಂಬರನ್ನು ಮಾತ್ರ ಮುಟ್ಟದೆ ಹಾಗೇ ಬಿಟ್ಟಳು. ಚಿನ್ನಿಯ ಕಿವಿ, ಬಾಲ, ಕಾಲು ಒಂದೊಂದಾಗಿ ಅವಳ ಕೈಕೆಳಗೇ ಎದ್ದು ಬಂದವು. ಗಂಡ ಕೆತ್ತಿದ್ದರ ಮೇಲೆ ಕೈಯಾಡಿಸುತ್ತ ಅತ್ತಳೋ ನಕ್ಕಳೋ ನನಗೆ ಹೇಳಲಿಲ್ಲ. ಬಾನಿ ಫಳಫಳ ಹೊಳೆದ ಮೇಲೆ ಸಂಘದವರು ಅದಕ್ಕೆ ಗೋಮೂತ್ರ ಚಿಮುಕಿಸಿದರು, ಅವಳು ಮುಟ್ಟಿದ್ದಳಲ್ಲ. ಸುತ್ತ ಹಗ್ಗ ಕಟ್ಟಿದರು. ಇನ್ನು ಮುಂದೆ ಹಗ್ಗದ ಆಚೆಯಿಂದಲೇ ಗುಡಿಸು ಎಂದರು. ಮರುದಿನ ಶನಿವಾರ, ಮೊದಲ ಅಭಿಷೇಕ. ಹಾಲು ಬಾನಿಯಲ್ಲಿ ನಿಂತಿತು. ಎಲ್ಲರೂ ಅಂಗೈಯಲ್ಲಿ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿ ಕುಡಿದರು.

ಅವತ್ತು ಮನೆಗೆ ಬಂದ ಅವ್ವ ಚಾಪೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹೋಗಿ ಹೇಳಿಬಿಡುತ್ತೇನೆ ಎಂದೆ.

“ಸುಮ್ಕಿರಲೇ ಲಲಿತಿ. ನಾ ಹೇಳೀನಲ್ಲ ಒಮ್ಮೆ. ಕೇಳಲಿಲ್ಲ. ಇನ್ನ ಅವರಾಗೇ ಬಂದು ಕೇಳಬೇಕು.”

ಅವರಾಗಿಯೇ ಬಂದರು. ವಿದ್ಯಾಧೀಶ ಸರ್ ಇಪ್ಪತ್ತು ಪುಟದ ಒಂದು ಪುಸ್ತಿಕೆ ಬರೆದರು, ರಾಜೋದ್ಯಾನದ ಇತಿಹಾಸ. ನಾನೇ ಟೈಪ್ ಮಾಡಿದೆ. ಅದರಲ್ಲಿ ಗುಂಡಿ ಇಲ್ಲ, ಲಾರಿ ಇಲ್ಲ, ಕಸ ಇಲ್ಲ, ನಾವಂತೂ ಇಲ್ಲವೇ ಇಲ್ಲ. ರಾಜರು ಎದ್ದು ಹೋದ ಮೇಲೆ ನೇರವಾಗಿ ಸಂಘದವರು ಬಂದು ಕೂತಿದ್ದರು. ಅದರ ಜೊತೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ: ಬಾನಿಯನ್ನು ಪುರಾತನ ವಸ್ತು ಎಂದು ಸಾರಬೇಕು, ಅದರ ರಕ್ಷಣೆಗಾಗಿ ಕೇರಿಯ ಕಡೆಯ ಗೇಟು ತೆಗೆದು ಗೋಡೆ ಕಟ್ಟಬೇಕು. ಹಂದಿಯಿಂದ ಆಗದ ಕೆಲಸ ಹಂದಿಯ ಚಿತ್ರದಿಂದ ಆಗುವ ಹಾಗಿತ್ತು. ನಾನು ಟೈಪ್ ಮಾಡುತ್ತ ಕೀಲಿಮಣೆಯನ್ನು ಒಡೆಯುವುದೊಂದು ಬಾಕಿ.

ಉತ್ತರ ಬಂತು. ಅಧಿಕಾರಿಯೊಬ್ಬರು ಕಮಲಾಪುರದಿಂದ ಬಂದು ನೋಡುತ್ತಾರೆ. ಕಲ್ಲು ತಲೆಮಾರುಗಳಿಂದ ಅಲ್ಲೇ ಇತ್ತೆಂದು ಅಲ್ಲಿನ ಹಳಬರೊಬ್ಬರು ಹೇಳಿಕೆ ಕೊಡಬೇಕು. ಇಲ್ಲಿ ಸಿಕ್ಕಿಬಿದ್ದರು. ಬಡಾವಣೆಯವರು ಬಂದು ನಾಲ್ಕು ವರ್ಷವೂ ಆಗಿಲ್ಲ. ಹಳಬರು ಎಂದರೆ ನಾವೇ.

ವಿದ್ಯಾಧೀಶ ಸರ್ ಮೊದಲ ಸಲ ನಮ್ಮ ಕೇರಿಗೆ ಕಾಲಿಟ್ಟರು. ಕೂರಲಿಲ್ಲ, ನೀರು ಕುಡಿಯಲಿಲ್ಲ. ಅಂಗಳದಲ್ಲಿ ನಿಂತುಕೊಂಡೇ ಮಾತಾಡಿದರು. ಅವ್ವನ ಹೆಸರಿಗೆ ಅವತ್ತು ಬಾಲ ಬಂತು.

“ಹುಸೇನಮ್ಮನವರೇ, ನೀವು ಹಿರಿಯರು. ಈ ಕಲ್ಲಿನ ಬಗ್ಗೆ ಅಧಿಕಾರಿಗಳ ಮುಂದ ನಾಕು ಮಾತು ಹೇಳ್ರಿ. ನಿಮ್ಮ ಕೆಲಸ ಕಾಯಂ ಮಾಡಿಸೋ ಜವಾಬ್ದಾರಿ ನಂದು.”

“ನನಗ ಗೊತ್ತಿದ್ದಷ್ಟೂ ಹೇಳ್ತೀನ್ರಿ ಸರ,” ಎಂದಳು ಅವ್ವ. “ಒಂದೂ ಬಿಡಂಗಿಲ್ಲ.”

ಸರ್ ಖುಷಿಯಾಗಿ ಹೋದರು. ಗಾರೆ ಕೆಲಸದವರಿಗೂ ಅದೇ ದಿನ ಬರಲು ಹೇಳಿದರು. ಅಧಿಕಾರಿ ಸಹಿ ಹಾಕಿದ ಕೂಡಲೇ ಗೋಡೆ ಶುರುವಾಗಬೇಕಿತ್ತು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬಾನಿಯ ಮೇಲೆ ಶಾಮಿಯಾನ. ಬಾನಿಯ ತುಂಬ ಹಾಲು, ಮೇಲೆ ಬಾಳೆಹಣ್ಣು, ಜೇನು, ಸಕ್ಕರೆ. ಸಂಘದವರೆಲ್ಲ ಚಪ್ಪಲಿ ಬಿಟ್ಟು ಹಗ್ಗದ ಒಳಗೆ. ಚಿಕ್ಕ ಗೇಟಿನ ಪಕ್ಕ ಇಟ್ಟಿಗೆಯ ರಾಶಿ, ಸಿಮೆಂಟಿನ ಚೀಲ. ಗಾರೆ ಕೆಲಸಕ್ಕೆ ಬಂದವನು ನಮ್ಮ ಕೇರಿಯ ಜಡೆಪ್ಪನೇ. ತನ್ನ ದಾರಿಗೆ ತಾನೇ ಗೋಡೆ ಕಟ್ಟಬೇಕಾದ ಕರ್ಮಕ್ಕೆ ತಲೆ ಎತ್ತದೆ ಕೂತಿದ್ದ. ಗೇಟಿಗೆ ಅವತ್ತು ಹೊತ್ತಿಗೆ ಮೊದಲೇ ಬೀಗ ಹಾಕಿದ್ದರು. ಸರಳುಗಳ ಹಿಂದೆ ಇಡೀ ಕೇರಿ ನಿಂತಿತ್ತು. ಅಂಜಿನಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು.

ಅಧಿಕಾರಿ ಪ್ರಿಯಂವದಾ ಮೇಡಂ, ನನ್ನದೇ ವಯಸ್ಸಿನವರು. ಬಾನಿಯ ಅಳತೆ ತೆಗೆದರು, ಉಳಿಯ ಗುರುತುಗಳನ್ನು ಮುಟ್ಟಿ ನೋಡಿದರು. ಹಳಬರು ಯಾರು ಎಂದು ಕೇಳಿದರು. ಅವ್ವ ಹಗ್ಗದ ಹೊರಗೆ ಬಂದು ನಿಂತಳು. ಕಲ್ಲು ತೋರಿಸಿ ಹೇಳಲು ಒಳಗೆ ಬನ್ನಿ ಎಂದು ಮೇಡಂ ಕರೆದರು.

“ಬ್ಯಾಡ್ರಿ. ನಾ ಒಳಗ ಬಂದ್ರ ಇವರು ಮತ್ತ ಗೋಮೂತ್ರ ತರಬೇಕಾಗ್ತೈತಿ. ಇಲ್ಲಿಂದಾನ ಹೇಳ್ತೀನಿ.”

ಮೇಡಂ ವಿದ್ಯಾಧೀಶ ಸರ್ ಮುಖ ನೋಡಿದರು. ಸರ್ ಶಾಮಿಯಾನದ ಮೇಲ್ಭಾಗ ನೋಡಿದರು.

ಅವ್ವ ಅವಸರ ಮಾಡಲಿಲ್ಲ. ಗುಂಡಿಯಿಂದ ಶುರು ಮಾಡಿದಳು. ಯಾರು ಕಲ್ಲು ತೆಗೆದರು, ಯಾರ ಕಾಲು ಮುರಿಯಿತು, ಲಾರಿಗಳು ಎಲ್ಲಿ ನಿಲ್ಲುತ್ತಿದ್ದವು, ಹೋಟೆಲು ಎಲ್ಲಿತ್ತು. ಸಂಘದವರು ಚಡಪಡಿಸಿದರು. ಕಲ್ಲಿನ ವಿಷಯಕ್ಕೆ ಬಾ ಎಂದು ಸರ್ ಎರಡು ಸಲ ಸೂಚನೆ ಕೊಟ್ಟರು. ಬಂದೇ ಬಿಟ್ಟಳು.

“ಮೇಡಂ, ಆ ಹಂದಿ ಹೊಟ್ಟಿ ಕೆಳಗ ಸಾಲಾಗಿ ಏನೈತಿ ನೋಡ್ರಿ.”

ಮೇಡಂ ಬಗ್ಗಿದರು. ಅದು ವರಾಹಕ್ಕೆ ಕಟ್ಟಿದ ಗೆಜ್ಜೆಯ ಸಾಲು ಎಂದು ಸರ್ ವಿವರಿಸಿದರು. ಪುಸ್ತಿಕೆಯಲ್ಲೂ ಹಾಗೆಯೇ ಇತ್ತು, ನಾನೇ ಟೈಪ್ ಮಾಡಿದ್ದೆ.

“ಗೆಜ್ಜಿ ಅಲ್ರಿ,” ಎಂದಳು ಅವ್ವ. “ಮೊಲಿ. ಒಂದು ಮಗ್ಗಲಿಗೆ ಐದು ಅದಾವ. ಗಂಡು ವರಾಹಕ್ಕ ಅಷ್ಟು ಮೊಲಿ ಎಲ್ಲಿಂದ ಬರ್ತಾವ್ರಿ? ಆಕಿ ನಮ್ಮ ಚಿನ್ನಿ. ಹತ್ತು ಮೊಲಿ, ಹನ್ನೊಂದು ಮರಿ. ಒಂದು ಮರಿ ಯಾವಾಗ್ಲೂ ಉಪವಾಸ ಬೀಳ್ತಿತ್ತು, ಅದನ್ನ ನನ್ನ ಮಗಳು ಬಾಟ್ಲಿ ಹಾಲು ಹಾಕಿ ಸಾಕಿದ್ಲು. ಅಗೋ, ಗೇಟಿನ ಹಿಂದ ನಿಂತಾಳ ನೋಡ್ರಿ, ನನ್ನ ಮಗಳು.”

ಎಲ್ಲರೂ ನನ್ನನ್ನು ನೋಡಿದರು. ನಾನು ಕೈ ಎತ್ತಿದೆ.

ವಿದ್ಯಾಧೀಶ ಸರ್ ಸುಳ್ಳು ಸುಳ್ಳು ಎಂದರು. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದರು. ಅವ್ವ ಅವರ ಕಡೆ ತಿರುಗಲೂ ಇಲ್ಲ. ತಳದಲ್ಲಿ, ಬಾಲದ ಕಡೆ ಮೂಲೆಯಲ್ಲಿ ಕೈ ಹಾಕಿ ನೋಡಿ ಎಂದು ಮೇಡಂಗೆ ಹೇಳಿದಳು. ಅವರು ಅಂಗಿಯ ತೋಳು ಮಡಚಿ ಹಾಲಿನಲ್ಲಿ ಮೊಣಕೈ ತನಕ ಕೈ ಇಳಿಸಿದರು. ತಡಕಿದರು. ಹಿಡಿದು ತಿರುವಿ ಎಳೆದರು. ಕೈಗೆ ಬಂದದ್ದು ಗೇಣುದ್ದದ ಬೋಲ್ಟು. ರಬ್ಬರು ಇನ್ನೂ ಅಂಟಿಕೊಂಡಿತ್ತು. ಡಾಂಬರು ಕೆರೆದರೆ ತಲೆಯ ಮೇಲೆ ಇಂಗ್ಲಿಷ್ ಅಕ್ಷರ, ನಂಬರು.

ಹಾಲು ಗಳಗಳ ಎಂದು ಹೊರಗೆ ಹರಿಯಿತು. ಸಂಘದವರ ಬರಿಗಾಲುಗಳ ಸಂದಿಯಲ್ಲಿ ಜೇನು, ಸಕ್ಕರೆ ಸಮೇತ ಹರಿಯಿತು. ಒಬ್ಬರು ಕಾಲೆತ್ತಿದರು, ಇನ್ನೊಬ್ಬರು ಹಗ್ಗ ಎಡವಿದರು. ಪ್ರತಿ ಶನಿವಾರ ತಪ್ಪದೆ ತೀರ್ಥ ಕುಡಿದಿದ್ದ ಹಿರಿಯರೊಬ್ಬರು ನಲ್ಲಿಯ ಕಡೆ ಓಡಿ ಬಾಯಿ ಮುಕ್ಕಳಿಸತೊಡಗಿದರು. ಗೇಟಿನ ಈಚೆ ನಮ್ಮವರ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಜಡೆಪ್ಪ ಸಿಮೆಂಟಿನ ಚೀಲದ ಮೇಲೆ ಹೊರಳಾಡಿ ನಕ್ಕ. ಮೇಡಂ ತುಟಿ ಕಚ್ಚಿಕೊಂಡು, ಬಾನಿ ಮಾಡಿದವರ ಹೆಸರು ಅವ್ವನನ್ನು ಕೇಳಿ, ಕಾಗದ ತೆಗೆದು ಬರೆದರು. ಪುರಾತನ ವಸ್ತು ಅಲ್ಲ. ಮಾಡಿದವರು ಉಚ್ಚೆಂಗಪ್ಪ. ವಾರಸುದಾರರು ಹುಸೇನಮ್ಮ. ಅಪ್ಪನ ಹೆಸರು ಒಂದು ಸರ್ಕಾರಿ ಕಾಗದದಲ್ಲಿ ಬಂದದ್ದು ಅದೇ ಮೊದಲು. ಸತ್ತಾಗಲೂ ಬಂದಿರಲಿಲ್ಲ.

ಅವ್ವ ಹೆಬ್ಬೆಟ್ಟು ಒತ್ತಿದಳು. ಅವಳ ಹೆಸರಿನ ಬಾಲ ಅಲ್ಲಿಗೆ ಉದುರಿತು.

“ಹುಸೇನಮ್ಮ, ತೊಗೊಂಡು ಹೋಗು ಇದನ್ನ. ಈಗಿಂದೀಗ,” ಎಂದರು ಸರ್.

“ಒಯ್ತೀನ್ರಿ. ಹತ್ತು ಮಂದಿ ಹೊರಬೇಕು. ಯಾವ ಗೇಟಿನ್ಯಾಗ ಒಯ್ಯಲಿ, ನೀವ ಹೇಳ್ರಿ. ದೊಡ್ಡ ಗೇಟಾದ್ರ ನಿಮ್ಮ ಮನಿ ಮುಂದ ಹಾದು ಹೋಗಬೇಕು. ನಡುನಡುವ ಇಳಿಸಿ ದಣಿವಾರಿಸ್ಕೋಬೇಕು. ಎಲ್ಲೆಲ್ಲಿ ಇಳಿಸ್ತೀವೋ ಗೊತ್ತಿಲ್ಲ.”

ಬಡಾವಣೆಯ ಹೆಂಗಸರು ಒಂದೇ ದನಿಯಲ್ಲಿ ಬೇಡ ಎಂದರು. ಮನೆಮುಂದೆ ರಂಗೋಲಿ ಇದೆ, ಬೃಂದಾವನ ಇದೆ. ಹಾಗಾದರೆ ಇಲ್ಲೇ ಇರಲಿ, ನಾಳೆ ನೋಡೋಣ ಎಂದ ಒಬ್ಬರನ್ನು ಎಲ್ಲರೂ ಸೇರಿ ಬೈದರು. ಅದು ಹೊರಗೆ ಹೋಗದೆ ಶುದ್ಧಿ ಮಾಡುವ ಹಾಗಿಲ್ಲ, ಶುದ್ಧಿಯಾಗದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ವಿದ್ಯಾಧೀಶ ಸರ್ ದೊಡ್ಡ ಗೇಟು ನೋಡಿದರು, ಚಿಕ್ಕ ಗೇಟು ನೋಡಿದರು. ಆಮೇಲೆ ಜಡೆಪ್ಪನನ್ನು ಕರೆದು ಕೇರಿಯ ಕಡೆ ಗೋಡೆ ಒಡೆ ಎಂದರು.

“ಎಷ್ಟು ಅಗಲ ಒಡೀಲಿ ಸರ?”

“ಬಾನಿ ಹೋಗುವಷ್ಟು.”

“ಎರಡೂ ಕಡೆ ಹೊರೋರು ಇರ್ತಾರಲ್ರಿ,” ಎಂದಳು ಅವ್ವ.

ಎಂಟು ಅಡಿ ಒಡೆದ. ಅಷ್ಟು ಜಲ್ದಿ ಅವನು ಕೆಲಸ ಮಾಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಗೇಟು, ಬೀಗ, ಬೀಗದ ಹೊತ್ತು ಬರೆದ ಬೋರ್ಡು ಎಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಕೇರಿಯ ಗಂಡಸರು ಹಾರೆ, ಹಗ್ಗ, ಉರುಳೆ ಕಟ್ಟಿಗೆ ತಂದು ಒಳಗೆ ನುಗ್ಗಿದರು. ಹುಲ್ಲಿನ ಮೇಲೆ ನಡೆಯಬಾರದು ಎಂದು ಯಾರೂ ಅನ್ನಲಿಲ್ಲ. ಬಾನಿ ಉರುಳೆಗಳ ಮೇಲೆ ಹೊರಟಿತು. ಒಡೆದ ಗೋಡೆಯ ಹತ್ತಿರ ಬಂದಾಗ ಅವ್ವ ಕೈ ಅಡ್ಡ ಹಿಡಿದಳು.

“ಸಾಕು. ಇಲ್ಲೇ ಇಳಿಸ್ರಿ.”

ಎಂಟು ಅಡಿಯಲ್ಲಿ ಎರಡು ಅಡಿ ಬಾನಿಗೆ, ಉಳಿದದ್ದು ಜನಕ್ಕೆ. ಗೋಡೆಯ ಪಾಯ ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿ, ಅರ್ಧ ಪಾರ್ಕಿನಲ್ಲಿ, ಅರ್ಧ ಕೇರಿಯಲ್ಲಿ ಬಾನಿ ಕೂತಿತು. ತಾಯಕ್ಕನ ಹಂದಿ ಬಂದು ಉಳಿದ ಬಾಳೆಹಣ್ಣಿಗೆ ಮೂತಿ ಹಾಕಿತು. ಅದು ಚಿನ್ನಿಯ ಮೊಮ್ಮಗಳ ಮಗಳು.

ಮುಂದಿನ ವಾರ ಅವ್ವನ ಕೆಲಸ ಹೋಯಿತು. ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಈಗ ಕಮಲಾಪುರದ ಬಾಳೆ ತೋಟಕ್ಕೆ ಕೂಲಿ ಹೋಗುತ್ತಾಳೆ. ಸೊಂಟ ಮೊದಲಿಗಿಂತ ಹೆಚ್ಚು ನೋಯುತ್ತದೆ. ಆದರೂ ಬೆಳಿಗ್ಗೆ ಬಸ್ಸಿಗೆ ಆ ಎಂಟು ಅಡಿಯಿಂದಲೇ ಹೋಗುತ್ತಾಳೆ. ಸಂಜೆ ಬರುವಾಗ ಕಾರಂಜಿಯ ಎದುರಿನ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತು, ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಬರುತ್ತಾಳೆ. ಏಳು ಎಂದು ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಮೊನ್ನೆ ವಿದ್ಯಾಧೀಶ ಸರ್ ನಮ್ಮ ಅಂಗಡಿಗೆ ಹೊಸ ಅರ್ಜಿ ತಂದರು. ಗೋಡೆ ಕಟ್ಟಬೇಕು, ಬಾನಿ ಅಡ್ಡ ಇದೆ, ವಾರಸುದಾರಳಿಗೆ ತಿಳಿಹೇಳಿ ತೆಗೆಸಬೇಕು ಎಂದು. ಟೈಪ್ ಮಾಡಿ ಕೊಟ್ಟೆ. ತಪ್ಪಿಲ್ಲದೆ. ಸರ್ ಕಾಗದ ಮಡಚುತ್ತ, ನಿಮ್ಮವ್ವ ಇನ್ನೂ ಎಷ್ಟು ದಿನ ಅಂತ ಆ ಕಲ್ಲನ್ನು ಅಲ್ಲಿ ಇಟ್ಟುಕೊಳ್ಳುತ್ತಾಳೆ ಎಂದು ಕೇಳಿದರು.

“ಅದರ ಮ್ಯಾಲೇ ಕೆತ್ತೈತಲ್ರಿ ಸರ, ಸೂರ್ಯ ಚಂದ್ರ,” ಎಂದೆ. “ಅರ್ಥ ನೀವ ಬರದೀರಿ. ಪುಸ್ತಕದಾಗ, ಒಂಬತ್ತನೇ ಪುಟ.”